ಸತ್ಯಾಂಶ: ಬ್ಯಾಟ್ ಮಗುಚಿದರೆ ಟಾಪ್‌ಸ್ಪಿನ್ ಬರುವುದಿಲ್ಲ

‘ಚೆಂಡು ತಗುಲಿದ ಕ್ಷಣವೇ ಮಣಿಕಟ್ಟು ತಿರುಗಿಸಿ ಬ್ಯಾಟನ್ನು ಅದರ ಮೇಲೆ ಮಗುಚಿ, ಲೂಪ್ ತಾನಾಗಿ ಬರುತ್ತದೆ.’ ಟೇಬಲ್ ಟೆನಿಸ್ ಕಲಿಯುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುವ ಈ ಸಲಹೆ ತಪ್ಪು. ಲೂಪ್ ಎಂದರೆ ಚೆಂಡು ಮುಂದಕ್ಕೆ ಸುತ್ತುವಂತೆ, ಅಂದರೆ ಟಾಪ್‌ಸ್ಪಿನ್ ಬರುವಂತೆ, ಸವರಿ ಹೊಡೆಯುವ ಹೊಡೆತ.

ಚೆಂಡು ಬ್ಯಾಟಿನ ರಬ್ಬರಿಗೆ ತಾಗಿರುವುದು ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಬ್ಯಾಟ್ ಮಗುಚಲು ಯಾರಿಂದಲೂ ಆಗದು. ದೊಡ್ಡ ಆಟಗಾರರ ವಿಡಿಯೊಗಳಲ್ಲಿ ಕಾಣುವ ಆ ತಿರುವು ಚೆಂಡು ಹೊರಟುಹೋದ ಮೇಲಿನದು.

2.7 ಗ್ರಾಂ ತೂಕದ, 40 ಮಿಲಿಮೀಟರ್ ಚೆಂಡಿಗೆ ಸುತ್ತು ಕೊಡುವುದು ರಬ್ಬರಿನ ಘರ್ಷಣೆ. ಬ್ಯಾಟ್ ಚೆಂಡಿನ ಮೈ ಸವರಿಕೊಂಡು ಎಷ್ಟು ವೇಗವಾಗಿ ಸಾಗುತ್ತದೋ ಅಷ್ಟು ಸ್ಪಿನ್. ಆ ವೇಗ ಕಾಲಿನಲ್ಲಿ ಹುಟ್ಟಿ, ಸೊಂಟದ ತಿರುವಿನಿಂದ ಮುಂಗೈಗೆ ಬರುತ್ತದೆ. ಮಣಿಕಟ್ಟು ಸಡಿಲವಾಗಿದ್ದರೆ ಕೊನೆಯಲ್ಲಿ ತುಸು ಸೇರಿಸುತ್ತದೆ. ಬ್ಯಾಟಿನ ಕೋನ ಮಾತ್ರ ಮೊದಲೇ ಸಿದ್ಧವಿರಬೇಕು. ಎದುರಾಳಿ ಬ್ಯಾಕ್‌ಸ್ಪಿನ್ (ಹಿಮ್ಮುಖ ಸುತ್ತು) ಕೊಟ್ಟರೆ ಬ್ಯಾಟನ್ನು ಸ್ವಲ್ಪ ತೆರೆದು (ಮುಖ ಮೇಲಕ್ಕೆ ವಾಲಿಸಿ), ಮೊಣಕಾಲು ಬಗ್ಗಿಸಿ, ಕೆಳಗಿನಿಂದ ಮೇಲಕ್ಕೆ ಸವರಿ. ಬ್ಲಾಕ್ ಆಗಿ ಬಂದ, ಅಂದರೆ ಎದುರಾಳಿ ಬೀಸದೆ ಬ್ಯಾಟ್ ಒಡ್ಡಿ ತಡೆದು ಕಳಿಸಿದ ಚೆಂಡಿಗೆ ಬ್ಯಾಟನ್ನು ಇನ್ನಷ್ಟು ಮುಚ್ಚಿ (ಮುಖ ಕೆಳಕ್ಕೆ ವಾಲಿಸಿ), ಮುಂದಕ್ಕೆ ಬೀಸಿ.

ಮಣಿಕಟ್ಟನ್ನೇ ನಂಬಿ ತಿರುಚುವ ಮಕ್ಕಳನ್ನು ಕಂಡರೆ ನನಗೆ ನಿಜಕ್ಕೂ ಕಳವಳ. ಕೋನ ಪ್ರತಿ ಸಲ ಬದಲಾಗಿ ಚೆಂಡು ಒಮ್ಮೆ ನೆಟ್‌ಗೆ, ಒಮ್ಮೆ ಟೇಬಲ್ಲಿನಾಚೆಗೆ. ಸರಿಯಾಗಿ ಸವರಿದರೆ ಮುಂದಕ್ಕೆ ಸುತ್ತುವ ಚೆಂಡನ್ನು ಗಾಳಿಯೇ ಕೆಳಕ್ಕೆ ಒತ್ತುತ್ತದೆ. ಮ್ಯಾಗ್ನಸ್ ಪರಿಣಾಮ ಎನ್ನುವುದು ಇದನ್ನೇ. ಜೋರಾಗಿ ಬೀಸಿದ ಲೂಪ್ ಕೂಡ ಟೇಬಲ್ ಮೇಲೆ ಬೀಳುವುದು ಅದರಿಂದಲೇ.