ಆ ಕಲ್ಲು ಎತ್ತಬೇಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಹೆಲ್‌ಬೆಂಡರ್ ನೋಡಿದ ಜಾಗದ ಲೊಕೇಶನ್ ಕೇಳಬೇಡಿ. ಅಮೆರಿಕದ ನಾರ್ತ್ ಕೆರೊಲೈನಾದ ಪಶ್ಚಿಮ ಭಾಗದ ಬೆಟ್ಟಗಳಲ್ಲಿ ಹರಿಯುವ ಒಂದು ತೊರೆ, ಅಷ್ಟು ಸಾಕು. ಹೆಲ್‌ಬೆಂಡರ್ ಹಿಡಿದು ಕದ್ದು ಮಾರುವವರೂ ಇದ್ದಾರೆ.

ಹೆಲ್‌ಬೆಂಡರ್ ಅಂದರೆ ಜೀವನವೆಲ್ಲಾ ನೀರಿನಲ್ಲೇ ಕಳೆಯುವ ದೈತ್ಯ ಸಾಲಮಾಂಡರ್. ನೋಡೋಕೆ ಹಲ್ಲಿ, ನಂಟು ಮಾತ್ರ ಕಪ್ಪೆಯ ಕಡೆಯದು. ದೊಡ್ಡದಾದರೆ ಎರಡು ಅಡಿ ದಾಟುತ್ತದೆ. ಇಲ್ಲಿನವರು ಇದಕ್ಕೆ ಇಟ್ಟಿರುವ ಅಡ್ಡಹೆಸರು ‘ಸ್ನಾಟ್ ಆಟರ್’, ಅಂದರೆ ಸಿಂಬಳದ ನೀರುನಾಯಿ! ಮೈಯೆಲ್ಲಾ ಲೋಳೆ, ಪಾಪ, ಹೆಸರು ಬರದೆ ಇರುತ್ತಾ. ವಿಷದ ಪ್ರಾಣಿ ಅಂತ ಹೆದರಿ ಗಾಳಕ್ಕೆ ಸಿಕ್ಕಿದ್ದನ್ನು ಕೊಂದವರೂ ಉಂಟು. ಅದಕ್ಕೆ ವಿಷವೂ ಇಲ್ಲ, ನಮ್ಮ ಮೇಲೆ ಆಸಕ್ತಿಯೂ ಇಲ್ಲ. ಅದಕ್ಕೆ ಬೇಕಾಗಿರುವುದು ಕ್ರೇಫಿಶ್ (ಸೀಗಡಿಯಂಥ ಸಿಹಿನೀರಿನ ಜೀವಿ), ತಣ್ಣನೆ ನೀರು, ಒಂದು ಚಪ್ಪಟೆ ಬಂಡೆ.

ಕಳೆದ ಸೆಪ್ಟೆಂಬರ್‌ನಲ್ಲಿ ನಾನು ಅದನ್ನು ನೋಡಿದೆ. ಮುಖಕ್ಕೆ ಮಾಸ್ಕ್, ಬಾಯಲ್ಲಿ ಸ್ನಾರ್ಕೆಲ್, ಮೊಣಕಾಲುದ್ದದ ನೀರಿನಲ್ಲಿ ಬೋರಲು ಮಲಗಿದ್ದೆ. ಮುಕ್ಕಾಲು ಗಂಟೆ ಏನೂ ಇಲ್ಲ. ಹಲ್ಲು ಕಟಕಟ ಅನ್ನುತ್ತಿತ್ತು. ಎದ್ದುಹೋಗೋಣ ಅಂದುಕೊಳ್ಳುವಾಗ ಎದುರಿನ ಬಂಡೆಯ ಸಂದಿಯಲ್ಲಿದ್ದ ‘ಕಲ್ಲು’ ಬಾಯಿ ಮುಚ್ಚಿತು. ಅಗಲ ಚಪ್ಪಟೆ ತಲೆ, ಸಾಸಿವೆ ಕಾಳಿನ ಹಾಗೆ ಎರಡು ಕಣ್ಣು. ಪಕ್ಕೆಯುದ್ದಕ್ಕೂ ಚರ್ಮ ನೆರಿಗೆ ನೆರಿಗೆಯಾಗಿ ಜೋತುಬಿದ್ದಿತ್ತು, ಮೈ ಮೆಲ್ಲಗೆ ತೂಗುತ್ತಿತ್ತು. ಅದು ಉಸಿರಾಡುವುದೇ ಹಾಗೆ. ಶ್ವಾಸಕೋಶ ಹೆಸರಿಗಿದೆ. ಆಮ್ಲಜನಕ ಬಹುಪಾಲು ಬರುವುದು ಆ ನೆರಿಗೆಚರ್ಮದ ಮೂಲಕ. ನೀರು ಕೆಟ್ಟರೆ ಅದಕ್ಕೆ ಉಸಿರೇ ಕಟ್ಟಿದ ಹಾಗೆ.

ಶರತ್ಕಾಲದಲ್ಲಿ ಹೀಗೆ ಬಾಗಿಲಲ್ಲಿ ಕೂತಿರುವುದು ಸಾಮಾನ್ಯವಾಗಿ ಗಂಡು. ಹೆಣ್ಣು ಬಂಡೆಯಡಿ ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಕಾವಲು ಅಪ್ಪನದ್ದು, ಅದೂ ತಿಂಗಳುಗಟ್ಟಲೆ. ಆದರೆ ಕಾಯುವ ಅಪ್ಪನೇ ಕೆಲವೊಮ್ಮೆ ಮೊಟ್ಟೆಗಳನ್ನು ತಿಂದುಬಿಡುತ್ತದೆ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಹೊಳೆಗಳಲ್ಲಿ ಗೂಡುಪೆಟ್ಟಿಗೆ ಇಟ್ಟು ವರ್ಷಗಟ್ಟಲೆ ಗಮನಿಸಿದಾಗ, ದಡದ ಕಾಡು ಕಡಿಮೆಯಾದ ಕಡೆ ಪೂರ್ತಿ ಗೂಡನ್ನೇ ತಿಂದುಹಾಕುವುದು ಜಾಸ್ತಿ ಅಂತ ಕಂಡುಬಂತು. ಮೇಲೆ ಮರ ಕಡಿದರೆ ಕೆಳಗೆ ಬಂಡೆಯಡಿ ಅಪ್ಪ ಮಕ್ಕಳನ್ನು ತಿನ್ನುತ್ತಾನೆ. ಇದನ್ನು ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಹೆಲ್‌ಬೆಂಡರ್ ನೋಡಿದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ‘ಯಾವ ಕಲ್ಲು ಎತ್ತಿದ್ರಿ?’ ಯಾವುದೂ ಎತ್ತಲಿಲ್ಲ ಸ್ವಾಮಿ. ಆ ಬಂಡೆ ಅದರ ಮನೆ. ಮೀಟಿ ಎತ್ತಿದರೆ ಅಡಿಯಲ್ಲಿನ ಸಂದು ಹಾಳಾಗುತ್ತದೆ, ಮೊಟ್ಟೆಗಳು ಕೊಚ್ಚಿಹೋಗುತ್ತವೆ. ವಾಪಸ್ ಇಟ್ಟರೂ ಮೊದಲಿನ ಹಾಗೆ ಕೂರುವುದಿಲ್ಲ. ಇದೆಯೋ ಇಲ್ಲವೋ ಅಂತ ತಿಳಿಯಲು ಈಗ ಒಂದಿಷ್ಟು ನೀರು ಸಾಕು. ಅದರಲ್ಲಿ ಉದುರಿರುವ ಡಿಎನ್‌ಎ ಹುಡುಕಿ ಲ್ಯಾಬ್‌ನವರು ಹೇಳಿಬಿಡುತ್ತಾರೆ. ಹಾಗಿರುವಾಗ ಒಂದು ಸೆಲ್ಫಿಗೋಸ್ಕರ ಮನೆ ಕಿತ್ತುಹಾಕುವುದು ಯಾಕೆ?

ಅದಕ್ಕೆ ಈಗಾಗಲೇ ಕಷ್ಟ ಸಾಕಷ್ಟಿದೆ. ಹೂಳು, ಅಣೆಕಟ್ಟು, ಶಿಲೀಂಧ್ರದ ರೋಗ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಇದೇ ಬೆಟ್ಟಗಳ ಹೊಳೆಗಳನ್ನು ಬುಡಮೇಲು ಮಾಡಿತು. ಅದೇ ಡಿಸೆಂಬರ್‌ನಲ್ಲಿ ಪೂರ್ವ ಭಾಗದ ಉಪಜಾತಿಯ (ಈಸ್ಟರ್ನ್) ಹೆಲ್‌ಬೆಂಡರನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವ ಪ್ರಸ್ತಾವ ಅಮೆರಿಕ ಸರ್ಕಾರದಿಂದ ಬಂತು. ಇನ್ನೊಂದು ಉಪಜಾತಿ, ಮಿಸೂರಿ ಕಡೆಯ ಓಝಾರ್ಕ್ ಬೆಟ್ಟಗಳ ಹೆಲ್‌ಬೆಂಡರ್ 2011ರಿಂದಲೇ ಆ ಪಟ್ಟಿಯಲ್ಲಿದೆ.

ಇನ್ನು ಈ ಕಲ್ಲು ಪೇರಿಸುವ ಹುಚ್ಚು. ಒಂದರ ಮೇಲೊಂದು ಇಟ್ಟು ಫೋಟೋ ತೆಗೆಯುತ್ತಾರಲ್ಲ, ಅದು. ಮರಿಗಳು ಅಡಗುವುದು ಅಂಥ ಸಣ್ಣ ಕಲ್ಲುಗಳ ಸಂದಿಯಲ್ಲೇ. ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಹೊಳೆಯ ಕಲ್ಲು ಸರಿಸುವುದು ಕಾನೂನಿಗೆ ವಿರುದ್ಧ. ಆದರೂ ಯಾರು ಕೇಳ್ತಾರೆ? ಸುಮ್ನೆ ಬೈಯುತ್ತಿಲ್ಲ, ಹಿಂದೊಮ್ಮೆ ನಾನೂ ಇದೇ ತೊರೆಯಲ್ಲಿ ಐದು ಕಲ್ಲು ಪೇರಿಸಿ, ಫೋಟೋ ಹಾಕಿ, ಲೈಕ್ ಎಣಿಸಿದ್ದೆ.

ಅವತ್ತು ನೀರಿನಿಂದ ಎದ್ದವನು ಆ ಜಾಗಕ್ಕೆ ಹೋಗಿ ನೋಡಿದೆ. ಅಲ್ಲಿ ಹನ್ನೊಂದು ಗೋಪುರಗಳಿದ್ದವು. ಒಂದೊಂದೇ ಕಲ್ಲು ಇಳಿಸಿ ಮೆಲ್ಲಗೆ ನೀರಿಗೆ ಬಿಟ್ಟೆ. ಯಾವುದನ್ನು ಎಲ್ಲಿಂದ ಎತ್ತಿದ್ದರೋ, ಅದು ಮಾತ್ರ ಗೊತ್ತಾಗಲಿಲ್ಲ.