ನಂಜುಂಡಯ್ಯನವರು ಮನೆಯಲ್ಲಿದ್ದಾರಾ?

ಸ್ಟೇಷನ್ನಿನಿಂದ ಫೋನ್ ಬಂದಾಗ ನಾನು ಅಮ್ಮನ ಜೊತೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ.

"ನಂಜುಂಡಯ್ಯನವರ ಮನೆಯವರಾ? ಅವರ ಡೆತ್ ಸರ್ಟಿಫಿಕೇಟ್ ಒಂದು ಜೆರಾಕ್ಸ್ ಬೇಕಿತ್ತು ಸಾರ್. ಅರ್ಜಿ ಕ್ಲೋಸ್ ಮಾಡ್ಬೇಕು."

ನಂಜುಂಡಯ್ಯ ನಮ್ಮಪ್ಪ. ತೀರಿಕೊಂಡು ಒಂಬತ್ತು ವರ್ಷ. ಬದುಕಿದ್ದಾಗ ಸ್ಟೇಷನ್ ಇರುವ ಬೀದಿಯನ್ನೇ ಬಳಸಿಕೊಂಡು ಹೋಗುತ್ತಿದ್ದ ಮನುಷ್ಯ. ಈಗ ಎಂಥ ಅರ್ಜಿ? ಫೋನ್ ಇಟ್ಟು ಎರಡು ಹಿಡಿ ಕಾಳು ಬಿಡಿಸಿದ ಮೇಲೆ ಹೊಳೆಯಿತು: ಅರ್ಜಿ ನನ್ನದು, ಸತ್ತವನೂ ನಾನೇ.

ಮೂಲ ಇಷ್ಟೇ. ನನ್ನ ಹೆಂಡತಿಗೆ ಕೆನಡಾಗೆ ಹೋಗಿ ನೆಲೆಸುವ ಆಸೆ. ಅರ್ಜಿ ಅವಳದು, ನಾನು ಬಾಲಂಗೋಚಿ. ಆದರೆ ಬಾಲಂಗೋಚಿಯೂ ಕಳ್ಳನಲ್ಲ ಎಂದು ಆ ದೇಶಕ್ಕೆ ಖಾತ್ರಿಯಾಗಬೇಕಂತೆ. ಹಿಂದಿನ 10 ವರ್ಷದಲ್ಲಿ ಯಾವ ಯಾವ ದೇಶದಲ್ಲಿ ಸತತ 6 ತಿಂಗಳು ಇದ್ದೆವೋ ಅಲ್ಲಿಂದೆಲ್ಲ ಪೊಲೀಸ್ ಸರ್ಟಿಫಿಕೇಟ್ ತರಬೇಕು. ನಾನು ಮೈಸೂರು ಬಿಟ್ಟು ಸತತ ಆರು ದಿನ ಇದ್ದದ್ದು ಹನಿಮೂನಿಗೆ ಮಾತ್ರ, ಹಾಗಾಗಿ ಒಂದೇ ಸಾಕಾಯಿತು. 500 ರೂಪಾಯಿ ಕಟ್ಟಿ ಪಾಸ್‌ಪೋರ್ಟ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದೆ. ದೇಶದಲ್ಲಿ ಮೊಟ್ಟಮೊದಲು, 2017ರ ಜನವರಿಯಲ್ಲಿ, ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವೆ ಶುರುವಾದದ್ದು ನಮ್ಮ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಬೆಂಗಳೂರಿಗೆ ಹೋಗುವುದು ತಪ್ಪಿತು.

ತಪ್ಪದೆ ಇದ್ದದ್ದು ನನ್ನ ಇನಿಷಿಯಲ್ಲು. ನಾನು ಕೆ.ಎನ್. 'ಕೆ' ಎಂದರೆ ಕಿಕ್ಕೇರಿ, ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮೂರು. 'ಎನ್' ಅಪ್ಪ. ಪಾಸ್‌ಪೋರ್ಟಿನವರಿಗೆ ಇನಿಷಿಯಲ್ ಆಗಿಬರುವುದಿಲ್ಲ, ಬಿಡಿಸಿ ಬರೆಯಬೇಕು. ಹಿಂದೆ ಪಾಸ್‌ಪೋರ್ಟ್ ಮಾಡಿಸುವಾಗ ಸೈಬರ್ ಸೆಂಟರಿನ ಹುಡುಗ ಬಿಡಿಸಿದ ಕ್ರಮದಲ್ಲಿ ನನ್ನ ಹೆಸರು ನಂಜುಂಡಯ್ಯ, ಅಡ್ಡಹೆಸರು ಕಿಕ್ಕೇರಿ. ಅಮ್ಮ ತೊಟ್ಟಿಲಲ್ಲಿ ಕೂಗಿದ ಹೆಸರು ಕೊನೆಗೆಲ್ಲೋ ಜೋತುಬಿದ್ದಿದೆ. ಕವಿ ಕೆ.ಎಸ್. ನರಸಿಂಹಸ್ವಾಮಿಯವರ 'ಕೆ' ಕೂಡ ಇದೇ ಕಿಕ್ಕೇರಿ. ಆ ಹುಡುಗನ ಕೈಗೆ ಅವರು ಸಿಕ್ಕಿದ್ದರೆ ಮಿಸ್ಟರ್ ಕಿಕ್ಕೇರಿ ಆಗಿಬಿಡುತ್ತಿದ್ದರು.

ಈ ಹೆಸರು ಹಿಡಿದು ಕಾನ್‌ಸ್ಟೇಬಲ್ ನಮ್ಮ ಬೀದಿಗೆ ಬಂದಾಗ ನಮ್ಮನೆಗೆ ಬೀಗ. ಎದುರುಮನೆ ಮೇಷ್ಟ್ರು ಜಗಲಿ ಮೇಲಿದ್ದರು. ರಿಟೈರಾಗಿ ಹತ್ತು ವರ್ಷವಾದರೂ ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವ ಚಾಳಿ ಬಿಟ್ಟಿಲ್ಲ.

"ನಂಜುಂಡಯ್ಯನವರು ಇಲ್ಲೇನಾ ಇರೋದು?"

"ಇದ್ದರು. ಹೋಗಿಬಿಟ್ಟರು."

"ಕೆನಡಾಗಾ?"

"ಅದಕ್ಕಿಂತ ದೂರ ಕಣಪ್ಪ. ತಿಥಿ ಊಟ ನಾನೇ ಉಂಡಿದ್ದೀನಿ."

ಹೀಗೆ ನಾನು ಸರ್ಕಾರಿ ಲೆಕ್ಕದಲ್ಲಿ ಕಾಲವಾದೆ.

ಮಾರನೆಯ ದಿನ ಆಧಾರ್, ಕರೆಂಟ್ ಬಿಲ್ಲು, ಅಪ್ಪನ ಡೆತ್ ಸರ್ಟಿಫಿಕೇಟು ಎಲ್ಲವನ್ನೂ ಕವರಿಗೆ ತುಂಬಿಕೊಂಡು ಸ್ಟೇಷನ್ನಿಗೆ ಹೋದೆ. "ಸಾರ್, ಈ ಸರ್ಟಿಫಿಕೇಟಿನಲ್ಲಿರುವ ನಂಜುಂಡಯ್ಯ ನಾನಲ್ಲ, ಪಾಸ್‌ಪೋರ್ಟಿನಲ್ಲಿರುವ ನಂಜುಂಡಯ್ಯ ನಾನು" ಎಂದೆ. ರೈಟರ್ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. "ಹಾಗಾದ್ರೆ ನೀವು ಯಾರು?" ಈ ಪ್ರಶ್ನೆಯನ್ನು ಋಷಿಗಳು ಕೇಳಿದರೆ ಒಂದು ಥರ, ಲಾಠಿ ನೇತುಹಾಕಿದ ಗೋಡೆಯ ಕೆಳಗೆ ಕೇಳಿದರೆ ಇನ್ನೊಂದು ಥರ. ನನಗೆ ನಿಜವಾಗಿ ಒಂದು ಕ್ಷಣ ಉತ್ತರ ತೋಚಲಿಲ್ಲ.

ಕಾನ್‌ಸ್ಟೇಬಲ್ ಪಾಪ ಒಳ್ಳೆಯವರು. ಸಂಜೆ ಮತ್ತೆ ಮನೆಗೆ ಬಂದರು. ಅಮ್ಮ ಕೊಟ್ಟ ಕಾಫಿ ಹೀರುತ್ತಾ ಗೋಡೆಯ ಮೇಲಿದ್ದ ಅಪ್ಪನ ಫೋಟೋ ನೋಡಿದರು, ಪಾಸ್‌ಪೋರ್ಟಿನ ಫೋಟೋ ನೋಡಿದರು, ನನ್ನನ್ನು ನೋಡಿದರು. "ಮೂಗು ಒಂದೇ ಸಾರ್. ಹಾರ ಒಂದೇ ವ್ಯತ್ಯಾಸ" ಎಂದರು. ಅಕ್ಕಪಕ್ಕದ ಸಾಕ್ಷಿಗೆ ಮೇಷ್ಟ್ರೇ ಬಂದು ಸಹಿ ಹಾಕಿದರು. ಹಾಕುವ ಮುನ್ನ ವರದಿಯಲ್ಲಿದ್ದ ಎರಡು ಕಾಗುಣಿತದ ತಪ್ಪು ತಿದ್ದಿಕೊಟ್ಟರು.

ಕೊನೆಗೂ ಸರ್ಟಿಫಿಕೇಟ್ ಕೈಗೆ ಬಂತು. ನಂಜುಂಡಯ್ಯ ಕಿಕ್ಕೇರಿ ಮೊದಲಾದ ಹೆಸರಿನ ಈ ವ್ಯಕ್ತಿಯ ವಿರುದ್ಧ ಪ್ರತಿಕೂಲ ಮಾಹಿತಿ ಏನೂ ಇಲ್ಲ ಎಂಬ ಒಕ್ಕಣೆ. ಕನ್ನಡದಲ್ಲಿ ಓದಿ ಹೇಳಿದೆ. ಅಮ್ಮ ಕನ್ನಡಕ ಏರಿಸಿಕೊಂಡು, ಅಪ್ಪನ ಹೆಸರಿದ್ದ ಕಡೆ ಬೆರಳಿಟ್ಟು, ತುಸು ಹೊತ್ತು ಸುಮ್ಮನಿದ್ದಳು.

"ಕ್ಲಬ್ಬಲ್ಲಿ ಕದ್ದು ಇಸ್ಪೀಟಾಡ್ತಿದ್ದದ್ದು ಇವರಿಗೂ ಗೊತ್ತಾಗಿಲ್ಲ ನೋಡು" ಎಂದಳು. ಆಮೇಲೆ, "ನನಗೂ ಒಂದು ಜೆರಾಕ್ಸ್ ಮಾಡಿಸ್ಕೊಂಡು ಬಾ."