ಸ್ಪೈಡರ್‌ಮ್ಯಾನ್ ಪಹಣಿ ಯಾರ ಹೆಸರಿನಲ್ಲಿದೆ?

ನನ್ನ ಅಜ್ಜನ ಹೆಸರಿನ ಮೊದಲ ಅಕ್ಷರಕ್ಕೆ ಯಾರೋ ಒಂದು ಗುಡಿಸು ಹಾಕಿಬಿಟ್ಟಿದ್ದಾರೆ. ಪಹಣಿಯು ಕೈಬರಹದಿಂದ ಕಂಪ್ಯೂಟರಿಗೆ ಹತ್ತುವಾಗ ಬಿದ್ದ ಗುಡಿಸು ಅದು. ಅಷ್ಟರಿಂದಲೇ ಬೇಲೂರು ತಾಲ್ಲೂಕಿನ ಎರಡು ಎಕರೆ ಕಾಫಿ, ಅದರೊಳಗಿನ ಮೆಣಸಿನ ಬಳ್ಳಿ, ಬೇಲಿಯಂಚಿನ ಹಲಸಿನ ಮರ ಎಲ್ಲವೂ ಎಂದೂ ಹುಟ್ಟಿರದ ಒಬ್ಬ ಮನುಷ್ಯನ ಪಾಲಾಗಿವೆ. ಅದನ್ನು ಅಳಿಸುವ ದಾರಿ ಹುಡುಕಿಕೊಂಡು ಹಾಸನಕ್ಕೆ ಬಂದು ಪತ್ರ ಬರಹಗಾರರ ಮುಂದೆ ಕುಳಿತಿದ್ದೆ. ನಮ್ಮ ಕಡೆ ರೈಟರು ಎಂದರೆ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಿಡಿಯುವವರು, ಇವರು ಅವರಲ್ಲ. ಇವರು ಕ್ರಯ, ದಾನ, ವಿಭಾಗ, ಹಕ್ಕು ಬಿಡುಗಡೆಗಳನ್ನು ನಲವತ್ತು ವರ್ಷ ಬರೆದು ಬರೆದು, ಮನುಷ್ಯರ ಮೇಲಿನ ನಂಬಿಕೆ ಕಳೆದುಕೊಂಡು, ಛಾಪಾ ಕಾಗದದ ಮೇಲೆ ಮಾತ್ರ ಒಂದಿಷ್ಟು ಉಳಿಸಿಕೊಂಡವರು.

ಜೊತೆಗೆ ಅಕ್ಕನ ಮಗ ಬಂದಿದ್ದ. ಮೊಬೈಲ್ ನೋಡುತ್ತಾ ಸಾವಿನ ಮನೆಯಲ್ಲಿ ಕುಳಿತವನಂತೆ ನಿಟ್ಟುಸಿರು ಬಿಡುತ್ತಿದ್ದ.

“ಏನಾಯಿತಪ್ಪಾ?” ಎಂದರು ಬರಹಗಾರರು.

“ಸ್ಪೈಡರ್‌ಮ್ಯಾನ್ ಒಂದು ಕಂಪನಿಯ ಕೈಯಲ್ಲಿದ್ದಾನೆ, ತಾತ. ಅವನ ಸ್ನೇಹಿತರೆಲ್ಲ ಇನ್ನೊಂದು ಕಂಪನಿಯವರು. ಇಬ್ಬರೂ ಒಪ್ಪಿದರೆ ಮಾತ್ರ ಒಟ್ಟಿಗೆ ಕಾಣಿಸಿಕೊಳ್ಳುತ್ತಾರೆ. 2019ರಲ್ಲಿ ಒಮ್ಮೆ ಮಾತು ಮುರಿದು, ತಿಂಗಳೊಂದರ ಮೇಲೆ ಮತ್ತೆ ಕೂಡಿತು. ಮುಂದೆ ಹೇಗೋ.”

ಬರಹಗಾರರು ಪೆನ್ನು ಕೆಳಗಿಟ್ಟರು. ನನ್ನ ಅಜ್ಜನ ಗುಡಿಸಿಗೆ ಹಾಗೆ ಪೆನ್ನು ಕೆಳಗಿಟ್ಟಿರಲಿಲ್ಲ. “ಮೂಲ ಪತ್ರ ಯಾರ ಹೆಸರಿನಲ್ಲಿದೆ?” ಎಂದು ಕೇಳಿದರು.

ಹುಡುಗ ಹೇಳತೊಡಗಿದ. 1985ರಲ್ಲಿ ಕಾಮಿಕ್ಸ್ ಪ್ರಕಟಿಸುವ ಮಾರ್ವೆಲ್ ಕಂಪನಿ ಜೇಡನ ಸಿನಿಮಾ ಹಕ್ಕನ್ನು ಕ್ಯಾನನ್ ಎಂಬವರಿಗೆ 2,25,000 ಡಾಲರಿಗೆ ಕೊಟ್ಟಿತು. ಕ್ಯಾನನ್ ಸೊರಗಿತು. ಅದರ ಯಜಮಾನರಲ್ಲಿ ಒಬ್ಬನಾದ ಮೆನಾಹೆಮ್ ಗೋಲನ್ ಹೊರಗೆ ಬಂದು, ಇಪ್ಪತ್ತೊಂದನೇ ಶತಮಾನ ಎಂಬ ಅರ್ಥದ ಹೆಸರಿನ ಬೇರೆ ಕಂಪನಿಯನ್ನು ವಹಿಸಿಕೊಂಡು, ಹಕ್ಕನ್ನು ಅಲ್ಲಿಗೆ ಒಯ್ದ. ಆ ಕಂಪನಿ ಇಪ್ಪತ್ತೊಂದನೇ ಶತಮಾನವನ್ನು ನೋಡಲೇ ಇಲ್ಲ. ಅಷ್ಟರೊಳಗೆ ಟಿವಿ ಹಕ್ಕು ವಯಾಕಾಮ್‌ಗೆ, ವಿಡಿಯೊ ಹಕ್ಕು ಕೊಲಂಬಿಯಾಕ್ಕೆ, ಸಿನಿಮಾ ಹಕ್ಕು ಕ್ಯಾರೊಲ್ಕೊಗೆ ಹೋಗಿತ್ತು. 1995ರಲ್ಲಿ ಕ್ಯಾರೊಲ್ಕೊ ದಿವಾಳಿ. 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಕೂಡ ದಿವಾಳಿ ಅರ್ಜಿ ಹಾಕಿತು.

“ನೆಲ ಒಬ್ಬನಿಗೆ, ಮರ ಒಬ್ಬನಿಗೆ, ಬಾವಿಯ ನೀರು ಇನ್ನೊಬ್ಬನಿಗೆ,” ಎಂದರು ಬರಹಗಾರರು. “ಮಾರಿದವನೂ ಮುಳುಗಿದ, ಕೊಂಡವರೂ ಮುಳುಗಿದರು. ಆಗಿಬರದ ಸೈಟು. ನೈಋತ್ಯ ತಗ್ಗಿರಬೇಕು.”

ಈ ಕಗ್ಗಂಟು ಬಿಚ್ಚಿಕೊಂಡ ಬಗೆ ಕೇಳಿ ಮಾತ್ರ ಅವರಿಗೆ ಸಂತೋಷವಾಯಿತು. ಜೇಡನ ಮೇಲೆ ಎಂಜಿಎಂ ಕಂಪನಿಗೂ ಒಂದು ದಾವೆ ಇತ್ತು. ಎಂಜಿಎಂನ ಜೇಮ್ಸ್ ಬಾಂಡ್ ಮೇಲೆ ಕೊಲಂಬಿಯಾದ ಒಡೆಯ ಸೋನಿ ಕಣ್ಣು ಹಾಕಿತ್ತು. 1999ರಲ್ಲಿ ಎಂಜಿಎಂ ಜೇಡನನ್ನು ಬಿಟ್ಟಿತು, ಸೋನಿ ಬಾಂಡ್‌ನನ್ನು ಬಿಟ್ಟಿತು. “ವಿನಿಮಯ ಪತ್ರ!” ಎಂದು ಬರಹಗಾರರು ಮೇಜು ತಟ್ಟಿದರು. “ಕೆರೆ ಕೆಳಗಿನ ಗದ್ದೆಗೆ ಬದಲಾಗಿ ರಸ್ತೆ ಪಕ್ಕದ ಹೊಲ. ಒಳ್ಳೆಯ ವಕೀಲ ಕೂಡಿಸಿದ್ದಾನೆ.” ಗೋಡೆ ಹತ್ತುವ ಹುಡುಗ, ಗೂಢಚಾರ, ಇಬ್ಬರನ್ನೂ ಯಾರೂ ಒಂದು ಮಾತು ಕೇಳಿರಲಿಲ್ಲ. ಗದ್ದೆಯನ್ನು ಯಾರು ಕೇಳುತ್ತಾರೆ?

ನನಗಿನ್ನೂ ಇದರ ಸ್ವಾರಸ್ಯ ಹತ್ತಿರಲಿಲ್ಲ. ಹತ್ತಿದ್ದು ಫ್ಯಾಂಟಾಸ್ಟಿಕ್ ಫೋರ್ ಕಥೆ ಬಂದಾಗ. ಹೆಸರೇ ಹೇಳುವಂತೆ ನಾಲ್ವರು ವೀರರು. ಇವರ ಸಿನಿಮಾ ಹಕ್ಕನ್ನು ಎಂಬತ್ತರ ದಶಕದಲ್ಲಿ ಕಾನ್‌ಸ್ಟಾಂಟಿನ್ ಎಂಬ ಜರ್ಮನ್ ಕಂಪನಿ ಕೊಂಡಿತ್ತು. ಷರತ್ತು ಏನೆಂದರೆ 1992 ಮುಗಿಯುವುದರೊಳಗೆ ಚಿತ್ರೀಕರಣ ಶುರುವಾಗಬೇಕು, ಇಲ್ಲವಾದರೆ ಹಕ್ಕು ವಾಪಸ್. ವರ್ಷಗಳು ಉರುಳಿದವು, ಹಣ ಕೂಡಲಿಲ್ಲ. ಕೊನೆಗೆ ಅಗ್ಗದ ಚಿತ್ರಗಳಿಗೆ ಹೆಸರಾದ ರೋಜರ್ ಕಾರ್ಮನ್ ಅವರನ್ನು ಹಿಡಿದು, ಸುಮಾರು ಹತ್ತು ಲಕ್ಷ ಡಾಲರಿನಲ್ಲಿ, ಡಿಸೆಂಬರಿನ ಕಟ್ಟಕಡೆಯ ದಿನಗಳಲ್ಲಿ ಕ್ಯಾಮೆರಾ ತಿರುಗಿಸಿದರು. ಪಾಪ, ನಟರು ಬಣ್ಣ ಹಚ್ಚಿದರು, ಕುಣಿದರು, ಹಾರಿದರು, ತಮ್ಮ ಜೇಬಿನ ಹಣದಲ್ಲಿ ಪ್ರಚಾರಕ್ಕೂ ಓಡಾಡಿದರು. ಚಿತ್ರ ಪೂರ್ತಿ ಮುಗಿಯಿತು, ಬಿಡುಗಡೆ ಮಾತ್ರ ಆಗಲಿಲ್ಲ. ಇದನ್ನು ತೋರಿಸುವ ಉದ್ದೇಶವೇ ಇರಲಿಲ್ಲ ಎಂದು ಆ ನಾಲ್ವರನ್ನು ಸೃಷ್ಟಿಸಿದವರಲ್ಲಿ ಒಬ್ಬರಾದ ಸ್ಟಾನ್ ಲೀ ಮುಂದೆ ಹೇಳಿದರು. ನಿರ್ಮಾಪಕ ಐಶಿಂಗರ್ ಹಾಗೇನಿಲ್ಲ ಎಂದರು. ಹಕ್ಕಂತೂ ಉಳಿಯಿತು, 2005ರಲ್ಲಿ ಅದೇ ಜರ್ಮನ್ ಕಂಪನಿಯ ಪಾಲುದಾರಿಕೆಯಲ್ಲಿ ದೊಡ್ಡ ಸಿನಿಮಾ ಬಂತು.

ಬರಹಗಾರರು ಕನ್ನಡಕ ತೆಗೆದು ಒರೆಸಿಕೊಂಡರು. “ಮೇಷ್ಟ್ರೇ, ಇದು ಬಗರ್‌ಹುಕುಂ.”

ಹೌದಲ್ಲ! ಗೋಮಾಳದಲ್ಲಿ ರಾತ್ರೋರಾತ್ರಿ ನಾಲ್ಕು ಸಿಲ್ವರ್ ಓಕ್ ಗಿಡ ನೆಟ್ಟು, ಬುಡಕ್ಕೆ ಒಂದು ಕೊಡ ನೀರು ಹೊಯ್ದು, “ಬಹಳ ವರ್ಷದಿಂದ ಸಾಗುವಳಿ ಮಾಡಿಕೊಂಡು ಬಂದಿದ್ದೇನೆ” ಎಂದು ನಮೂನೆ 57ರಲ್ಲಿ ಅರ್ಜಿ ಹಾಕುವುದನ್ನು ನಮಗೆ ಯಾವ ಜರ್ಮನಿಯವರು ಬಂದು ಕಲಿಸಬೇಕು? ಗಿಡ ಚಿಗುರಬೇಕೆಂದಿಲ್ಲ. ನೆರಳು ಕೊಡಬೇಕೆಂದಿಲ್ಲ. ಸ್ಥಳ ತನಿಖೆಗೆ ಬಂದ ದಿನ ನೆಟ್ಟಗೆ ನಿಂತಿದ್ದರೆ ಸಾಕು. ನಿರ್ಮಾಪಕರು ಅಲ್ಲಗಳೆದ ವಿಷಯವನ್ನು ನೆನಪಿಸಿದಾಗ ಬರಹಗಾರರು ನಕ್ಕರು. “ಗಿಡ ನಿನ್ನೆ ನೆಟ್ಟಿದ್ದು ಎಂದು ಯಾವ ಅರ್ಜಿದಾರ ಒಪ್ಪಿಕೊಂಡಿದ್ದಾನೆ?”

ವಾಚ್‌ಮೆನ್ ಎಂದು ಹುಡುಗ ಹೆಸರೆತ್ತಿದಾಗ ಅವರು ಯಾವುದೋ ಎಸ್ಟೇಟಿನ ಕಾವಲಿನವರ ಕೂಲಿ ವಿಚಾರ ಎಂದುಕೊಂಡರು. ಅಲ್ಲ, ಅದೂ ಕಾಮಿಕ್ಸೇ. ಹಕ್ಕನ್ನು 1986ರಲ್ಲಿ ಫಾಕ್ಸ್ ಕಂಪನಿ ಹಿಡಿದಿತ್ತು. ಸಿನಿಮಾ ಮಾಡಲಿಲ್ಲ, 1994ರಲ್ಲಿ ಷರತ್ತುಗಳ ಮೇಲೆ ನಿರ್ಮಾಪಕನಿಗೆ ಬಿಟ್ಟುಕೊಟ್ಟಿತು. ಅವನಿಂದ ಕೈಬದಲಾಗಿ ವಾರ್ನರ್ ಕಂಪನಿ ಬಂಡವಾಳ ಹಾಕಿ ಚಿತ್ರ ತೆಗೆಯಿತು. ಚಿತ್ರೀಕರಣ ಇನ್ನೇನು ಮುಗಿಯುತ್ತದೆ ಎನ್ನುವಾಗ, 2008ರ ಫೆಬ್ರವರಿಯಲ್ಲಿ ಫಾಕ್ಸ್ ಹಳೆಯ ಕಾಗದ ಹಿಡಿದು ಕೋರ್ಟಿಗೆ ಬಂತು. ಕ್ರಿಸ್‌ಮಸ್ಸಿನ ಹಿಂದಿನ ದಿನ ನ್ಯಾಯಾಧೀಶರು ವಿತರಣೆಯ ಹಕ್ಕಾದರೂ ಫಾಕ್ಸ್‌ನದೇ ಎಂದರು. ಬಿಡುಗಡೆಗೆ ನಿಗದಿಯಾದ ದಿನ 2009ರ ಮಾರ್ಚ್ 6. ಮನೆ ಕಟ್ಟಿ, ಸುಣ್ಣ ಬಳಿದು, ಗೃಹಪ್ರವೇಶದ ಕಾರ್ಡು ಹಂಚಿದ ಮೇಲೆ, ಗೇಟಿನ ಮುಂದೆ ಒಬ್ಬ ನಿಂತು “ಸೈಟು ನಮ್ಮ ತಂದೆಯದು” ಎಂದಂತೆ. ಇಂಥವನು ಅಡಿಪಾಯ ತೋಡುವಾಗ ಎಂದೂ ಬರುವುದಿಲ್ಲ, ತಾರಸಿ ಹಾಕಿದ ಮೇಲೆಯೇ ಬರುತ್ತಾನೆ. ಜನವರಿಯಲ್ಲಿ ರಾಜಿಯಾಯಿತು. ಟಿಕೆಟ್ ಹಣದಲ್ಲಿ ಫಾಕ್ಸ್‌ಗೂ ಪಾಲು ಸಿಕ್ಕಿತು, ಹೋಳಿಗೆ ಊಟವೂ ನಡೆಯಿತು.

ಆದರೆ ಈ ಕಥೆಯನ್ನು ಬರೆದ ಅಲನ್ ಮೂರ್ ಆ ಊಟಕ್ಕೆ ಹೋಗಲಿಲ್ಲ. ಪುಸ್ತಕದ ಮುದ್ರಣ ನಿಂತು ಒಂದಷ್ಟು ಕಾಲವಾದರೆ ಹಕ್ಕು ಲೇಖಕ ಮತ್ತು ಚಿತ್ರಕಾರರಿಗೆ ಮರಳುತ್ತದೆ ಎಂದು ಅವರ ಕರಾರಿನಲ್ಲಿತ್ತು. ಪ್ರಕಾಶಕರು ಮುದ್ರಣ ನಿಲ್ಲಿಸಲೇ ಇಲ್ಲ. ಭೋಗ್ಯಕ್ಕೆ ಹಾಕಿದ ಗದ್ದೆ ಬಿಡಿಸಿಕೊಳ್ಳುವ ದಿನವೇ ಬಾರದಂತೆ ಬರೆದ ಕರಾರು! ಮೂರ್ ಸಿನಿಮಾದಿಂದ ತನ್ನ ಹೆಸರನ್ನು ತೆಗೆಸಿದರು, ಹಣವೂ ಬೇಡವೆಂದರು. ಇದನ್ನು ಕೇಳಿ ಬರಹಗಾರರು ಬಹಳ ಹೊತ್ತು ಸುಮ್ಮನಿದ್ದರು. ಹಣ ಬೇಡ ಎನ್ನುವ ಪತ್ರಕ್ಕೆ ಅವರ ಬಳಿ ನಮೂನೆ ಇರಲಿಲ್ಲ.

ಮುಂದಿನದು ಇನ್ನೂ ಚೆನ್ನಾಗಿದೆ. ಕ್ವಿಕ್‌ಸಿಲ್ವರ್ ಎಂಬ ಮಿಂಚಿನ ಓಟಗಾರ ಫಾಕ್ಸ್, ಮಾರ್ವೆಲ್ ಇಬ್ಬರ ಜಂಟಿ ಖಾತೆಯಲ್ಲಿದ್ದ. 2014ರಲ್ಲಿ ಫಾಕ್ಸ್ ಚಿತ್ರದಲ್ಲಿ ಒಬ್ಬ ನಟ ಅವನಾಗಿ ಓಡಿದ, 2015ರಲ್ಲಿ ಮಾರ್ವೆಲ್ ಚಿತ್ರದಲ್ಲಿ ಇನ್ನೊಬ್ಬ ಓಡಿದ. ಕಾಮಿಕ್ಸಿನಲ್ಲಿ ಬಹುಕಾಲ ಅವನಿಗೆ ಅಪ್ಪ ಎನಿಸಿಕೊಂಡವನು ಫಾಕ್ಸ್ ಆಸ್ತಿ. ಹಾಗಾಗಿ ಮಾರ್ವೆಲ್ ಚಿತ್ರದಲ್ಲಿ ಅಪ್ಪನ ಸುದ್ದಿ ಎತ್ತುವಂತಿರಲಿಲ್ಲ. ಅವನ ಕುಲದ ಹೆಸರಾದ ಮ್ಯೂಟೆಂಟ್ ಎಂಬ ಮಾತೂ ಬೇಲಿಯಾಚೆಗಿತ್ತು. 2015ರಲ್ಲಿ ಮಾರ್ವೆಲ್‌ನಲ್ಲಿ ಸತ್ತ, 2016ರಲ್ಲಿ ಫಾಕ್ಸ್‌ನಲ್ಲಿ ಮತ್ತೆ ಓಡುತ್ತಿದ್ದ. “ಇದೇನು ಹೊಸದು,” ಎಂದರು ಬರಹಗಾರರು. “ಪೌತಿ ಖಾತೆ ಆದ ಮೇಲೆ ನನ್ನೆದುರಿಗೇ ಬಂದು ಕಾಫಿ ಕುಡಿದು ಹೋದವರಿದ್ದಾರೆ.”

ಹಲ್ಕ್ ಕಥೆ ಕೇಳಿ ನನಗೆ ನಮ್ಮ ಕಾಡಾನೆಗಳ ಮೇಲೆ ಗೌರವ ಹೆಚ್ಚಿತು. 2008ರ ನಂತರ ಅವನೊಬ್ಬನದೇ ಆದ ಸಿನಿಮಾ ಬಂದಿಲ್ಲ. ಎಲ್ಲರೂ ಬೆರಳು ತೋರಿಸುವುದು ಯೂನಿವರ್ಸಲ್ ಕಂಪನಿಯ ಕೈಯಲ್ಲಿದ್ದ ವಿತರಣೆ ಹಕ್ಕಿನ ಕಡೆಗೆ. ಬೇರೆಯವರ ಸಿನಿಮಾಕ್ಕೆ ನೆಂಟನಾಗಿ ಬಂದು ಕಟ್ಟಡ ಒಡೆಯಬಹುದಂತೆ. ಆಲೂರು, ಸಕಲೇಶಪುರದ ಆನೆ ಸರ್ವೆ ನಂಬರ್ ಕೇಳದೆ ಯಾರ ತೋಟಕ್ಕಾದರೂ ನುಗ್ಗುತ್ತದೆ. ಬೆಟ್ಟ ಕೀಳಬಲ್ಲ ಹಸಿರು ದೈತ್ಯ ಮಾತ್ರ ಕಾಗದದ ಬೇಲಿ ದಾಟಲಾರ.

2019ರ ಮಾರ್ಚಿನಲ್ಲಿ ಮಾರ್ವೆಲ್‌ನ ಒಡೆಯ ಡಿಸ್ನಿ ಕಂಪನಿ ಸುಮಾರು 7,130 ಕೋಟಿ ಡಾಲರಿಗೆ ಫಾಕ್ಸ್‌ನ ಬಹುಪಾಲನ್ನೇ ಕೊಂಡು ಜಂಟಿ ಖಾತೆಯ ಜಗಳ ಮುಗಿಸಿತು. ಬದು ಒತ್ತುವರಿಯ ತಕರಾರಿಗೆ ಪಕ್ಕದ ಎಸ್ಟೇಟನ್ನೇ ಕೊಂಡಂತೆ. ಹಣವಿದ್ದವರಿಗೆ ಸರ್ವೆಯರ್ ಬೇಕಾಗಿಲ್ಲ.

“ಎಲ್ಲ ಸರಿ,” ಎಂದರು ಬರಹಗಾರರು. “ಇಷ್ಟು ಹೊತ್ತು ಹೇಳಿದ್ದು ಒಂಬತ್ತನೇ ಕಾಲಂ, ಖಾತೆದಾರರ ಕಥೆ. ಹನ್ನೆರಡನೇ ಕಾಲಂನಲ್ಲಿ ಯಾರಿದ್ದಾರೆ? ಉಳುಮೆ ಮಾಡಿದವರು ಯಾರು?”

ಹುಡುಗ ಮೊಬೈಲಿನಲ್ಲಿ ಒಂದು ಹಳೆಯ ಚೆಕ್ಕಿನ ಚಿತ್ರ ತೋರಿಸಿದ. 1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಯುವಕರು ಸೂಪರ್‌ಮ್ಯಾನ್‌ನ ಸಮಸ್ತ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಬೇರೆ ಕೆಲಸಗಳ ಬಾಕಿಯೂ ಸೇರಿ ಬಂದ ಚೆಕ್ಕು ಅದು. ಮುಂದೆ ಕೋರ್ಟಿಗೆ ಹೋದ ಮೇಲೆ ಪುಸ್ತಕದಿಂದ ಅವರ ಹೆಸರೂ ಹೋಯಿತು. ಮರಳಿ ಬಂದದ್ದು 1975ರ ಒಪ್ಪಂದದ ನಂತರ. ನಮ್ಮ ಬೇಲೂರಿನಲ್ಲಿ 1117ರ ಹೊತ್ತಿಗೇ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಕೆಳಗೆ ಹೆಸರು ಕೆತ್ತಿ ಹೋಗಿದ್ದಾರೆ. ಖರ್ಚು ಹಾಕಿದ ವಿಷ್ಣುವರ್ಧನ ಅದನ್ನು ಅಳಿಸಲು ವಕೀಲರ ನೋಟಿಸ್ ಕಳುಹಿಸಿದಂತೆ ಯಾವ ಶಾಸನವೂ ಹೇಳುವುದಿಲ್ಲ. 2012ರಲ್ಲಿ ಆ ಚೆಕ್ಕು 1,60,000 ಡಾಲರಿಗೆ ಹರಾಜಾಯಿತು. ಸೂಪರ್‌ಮ್ಯಾನ್‌ಗಿಂತ ಅವನನ್ನು ಕೊಂಡ ಕಾಗದಕ್ಕೆ ಸಾವಿರ ಪಟ್ಟು ಮೇಲೆ ಬೆಲೆ.

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಚೆಕ್ಕಿನಲ್ಲಿ ಇಬ್ಬರ ಹೆಸರಿನ ಕಾಗುಣಿತವೂ ತಪ್ಪಾಗಿತ್ತು. ಅವರು ಹಿಂಬದಿಯಲ್ಲಿ ತಪ್ಪು ಹೆಸರನ್ನೂ ಸರಿ ಹೆಸರನ್ನೂ ಬರೆದು ಸಹಿ ಮಾಡಬೇಕಾಗಿತ್ತು. ನನ್ನ ಅಜ್ಜನ ಗುಡಿಸು ನೆನಪಾಗಿ ಗಂಟಲು ಕಟ್ಟಿತು.

“ಅದಕ್ಕೇ ಅಫಿಡವಿಟ್,” ಎಂದು ಬರಹಗಾರರು ಮತ್ತೆ ಪೆನ್ನು ಹಿಡಿದರು. “ಇಂಥವರು ಉರುಫ್ ಇಂಥವರು, ಇಬ್ಬರೂ ಒಬ್ಬರೇ ವ್ಯಕ್ತಿ.”

“ಸೂಪರ್‌ಮ್ಯಾನ್ ಇದನ್ನು ಕೊಟ್ಟರೆ ಅವನ ಕಥೆಯೇ ಮುಗಿಯಿತು, ತಾತ. ಕ್ಲಾರ್ಕ್ ಕೆಂಟ್ ಉರುಫ್ ಸೂಪರ್‌ಮ್ಯಾನ್!”

“ಬಿನ್? ತಂದೆಯ ಹೆಸರು ಹೇಳು.”

“ಹೆತ್ತವನು ಕ್ರಿಪ್ಟಾನ್ ಗ್ರಹದವನು, ಸಾಕಿದವನು ಭೂಮಿಯ ರೈತ.”

“ದತ್ತಕ ಪತ್ರ ನೋಂದಣಿಯಾಗಿದೆಯೇ? ಇಲ್ಲವಾದರೆ ಹೆತ್ತವನ ಊರಿನ ವಂಶವೃಕ್ಷ ಬೇಕು, ಮಹಜರು ಬೇಕು.”

“ಆ ಗ್ರಹ ಸಿಡಿದುಹೋಗಿದೆ.”

“ಹಾಗಾದರೆ ಕಷ್ಟ,” ಎಂದು ಅವರು ತಲೆಯಾಡಿಸಿ, ಒಳಗಿನಿಂದ ಟೈಪಾಗಿ ಬಂದ ನನ್ನ ಕಾಗದವನ್ನು ಮುಂದೆ ತಳ್ಳಿದರು. ಓದಿ ನೋಡಿದೆ. ಅಜ್ಜನ ಹೆಸರಿನ ಗುಡಿಸು ಹೋಗಿತ್ತು. ಅಲ್ಲಿ ಈಗ ಒಂದು ಕೊಂಬು ಬಂದಿತ್ತು.